ಸ್ಪಷ್ಟನೆ: ರೌಸಿ ಗೆದ್ದದ್ದು ಕಂಚು, ಚಿನ್ನ ಹ್ಯಾರಿಸನ್ ಅವರದು

ಅಮೆರಿಕಕ್ಕೆ ಜೂಡೊದಲ್ಲಿ ಮೊದಲ ಒಲಿಂಪಿಕ್ ಚಿನ್ನ ತಂದವರು ರೋಂಡಾ ರೌಸಿ, ಗೆದ್ದ ಕೂಡಲೇ ಅವರು ಮಿಶ್ರ ಸಮರಕಲೆಯ (ಹೊಡೆತ, ಒದೆತ, ಕುಸ್ತಿ ಎಲ್ಲ ಬೆರೆತ ಕಾದಾಟ) ಸಂಸ್ಥೆಯಾದ ಯುಎಫ್‌ಸಿ ಸೇರಿದರು ಎಂಬ ಮಾತು ಹರಿದಾಡುತ್ತಿದೆ. ಎರಡೂ ತಪ್ಪು.

ರೌಸಿ 2008ರ ಬೀಜಿಂಗ್ ಒಲಿಂಪಿಕ್ಸ್‌ನ 70 ಕೆ.ಜಿ. ವಿಭಾಗದಲ್ಲಿ ಗೆದ್ದದ್ದು ಕಂಚು. ಮಹಿಳಾ ಜೂಡೊದಲ್ಲಿ ಒಲಿಂಪಿಕ್ ಪದಕ ಗೆದ್ದ ಮೊದಲ ಅಮೆರಿಕನ್ ಅವರೇ. ಅದೇನು ಸಣ್ಣ ಸಾಧನೆಯಲ್ಲ. ವೃತ್ತಿಪರ ಮಿಶ್ರ ಸಮರಕಲೆಗೆ ಅವರು ಬಂದದ್ದು 2011ರಲ್ಲಿ, ಯುಎಫ್‌ಸಿಯಲ್ಲಿ ಮೊದಲು ಕಾದಾಡಿದ್ದು 2013ರಲ್ಲಿ.

ಮೊದಲ ಚಿನ್ನ ಕೇಲಾ ಹ್ಯಾರಿಸನ್ ಅವರದು. 2012ರ ಲಂಡನ್‌ನಲ್ಲೂ 2016ರ ರಿಯೊದಲ್ಲೂ 78 ಕೆ.ಜಿ. ವಿಭಾಗದ ಚಿನ್ನ ಅವರಿಗೇ ಒಲಿಯಿತು. ಅಲ್ಲಿಯವರೆಗೆ ಅಮೆರಿಕದ ಪುರುಷರೂ ಈ ಕ್ರೀಡೆಯಲ್ಲಿ ಒಲಿಂಪಿಕ್ ಚಿನ್ನ ಗೆದ್ದಿರಲಿಲ್ಲ. ಇಂಥ ಗೆಲುವು ಇನ್ನೊಬ್ಬರ ಹೆಸರಿಗೆ ಜಮೆಯಾಗುವುದು ನಿಜಕ್ಕೂ ಅನ್ಯಾಯ. ಹ್ಯಾರಿಸನ್ 2018ರಲ್ಲಿ ವೃತ್ತಿಪರ ಮಿಶ್ರ ಸಮರಕಲೆಗೆ ಬಂದರು, ಪಿಎಫ್‌ಎಲ್ ಎಂಬ ಇನ್ನೊಂದು ಸಂಸ್ಥೆಯಲ್ಲಿ 2019 ಮತ್ತು 2021ರ ಪ್ರಶಸ್ತಿ ಗೆದ್ದರು, 2024ರಲ್ಲಿ ಯುಎಫ್‌ಸಿಗೆ ಬಂದರು. ಅಲ್ಲಿ ಅವರ ತೂಕದ ಮಿತಿ ಸುಮಾರು 61 ಕೆ.ಜಿ.; ಜೂಡೊ ದಿನಗಳಿಗಿಂತ 17 ಕೆ.ಜಿ. ಕಡಿಮೆ! 2025ರ ಜೂನ್‌ನಲ್ಲಿ ಜೂಲಿಯಾನಾ ಪೆನ್ಯಾ ಅವರನ್ನು ಸೋಲಿಸಿ ಚಾಂಪಿಯನ್ ಆದರು.

ಮಿಶ್ರ ಸಮರಕಲೆಯಲ್ಲಿ ಜೂಡೊ ಕೆಲಸಕ್ಕೆ ಬಾರದು ಎಂಬ ಇನ್ನೊಂದು ಮಾತಿಗೂ ಆ ಪಂದ್ಯದಲ್ಲೇ ಉತ್ತರವಿದೆ. ಹ್ಯಾರಿಸನ್ ಗೆದ್ದದ್ದು ‘ಕಿಮುರಾ’ ಎಂಬ ತೋಳಿನ ಬಿಗಿಪಟ್ಟಿನಿಂದ. ಅದು ಜೂಡೊದ ಉದೆ ಗರಾಮಿ ಎಂಬ ಪಟ್ಟು. ಕಿಮುರಾ ಎಂಬ ಹೆಸರು ಬಂದದ್ದೂ ಜಪಾನಿನ ಜೂಡೊ ಪಟು ಮಸಾಹಿಕೊ ಕಿಮುರಾ ಅವರಿಂದ.