ಮಳೆಗಾಲ ಮುಗಿಯುವವರೆಗಾದರೂ ಪಟ್ಟಿ ಸಾಕ್ಸ್ ಬೇಡ

ಒಗೆಯಲು ಹಾಕಿದ ಸಾಕ್ಸ್‌ನಲ್ಲಿ ಒಂದು ಕಾಣೆಯಾಗುವುದು ಬಯಲುಸೀಮೆಯವರಿಗೆ ಸಣ್ಣ ಕಿರಿಕಿರಿ ಇರಬಹುದು. ನಮ್ಮ ತೀರ್ಥಹಳ್ಳಿ ಕಡೆ ಆರಿದ್ರಾ ಮಳೆ ಹಿಡಿದ ಮೇಲೆ ಅದು ಸಣ್ಣದಲ್ಲ. ಇದೇ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ. ಪುಷ್ಯ ಮಳೆ ಹೊತ್ತಿಗಂತೂ ಒಂದು ಜೊತೆ ಸಾಕ್ಸ್ ಒಣಗಲು ಎರಡು ಮೂರು ದಿನ ಬೇಕು. ಅದಕ್ಕೇ ಪ್ರತಿ ಮಗುವಿಗೂ ಮೂರ್ನಾಲ್ಕು ಜೊತೆ ಇಟ್ಟುಕೊಂಡು ದಿನ ದೂಡುತ್ತೇವೆ. ಅದರಲ್ಲಿ ಒಂದು ಕಾಲಿನದು ಹೋದರೆ ಆ ವಾರದ ಲೆಕ್ಕವೆಲ್ಲ ತಪ್ಪುತ್ತದೆ. ಬಸ್ಸು ಬರುವ ಹೊತ್ತಾಯಿತು ಅಂತ ಅರೆ ಒಣಗಿದ್ದನ್ನೇ ಹಾಕಿಸುತ್ತೇವೆ. ಸಂಜೆ ಶೂ ಬಿಚ್ಚಿದರೆ ಬೆರಳ ಸಂದಿಯೆಲ್ಲ ಬೆಳ್ಳಗಾಗಿ ತುರಿಕೆ. ನೋಡಿದರೆ ಕರುಳು ಚುರ್ ಎನ್ನುತ್ತದೆ.

ಸಾಕ್ಸ್ ಹೋಗುವುದಾದರೂ ಎಲ್ಲಿಗೆ? ಹುಡುಕಿದರೆ ಜಾಗ ಗೊತ್ತಾಗುತ್ತದೆ. ಮುಂದೆ ಬಾಗಿಲಿರುವ ಮೆಷಿನ್ ಆದರೆ ಬಾಗಿಲ ಸುತ್ತಲಿನ ರಬ್ಬರ್ ಮಡಿಕೆಗೆ ಕೈ ಹಾಕಿ ನೋಡಿ. ತೀರಾ ಚಿಕ್ಕ ಸಾಕ್ಸ್ ಡ್ರಮ್ಮಿನ ಅಂಚು ದಾಟಿ ಒಳಗೆ ಇಳಿದು, ನೀರು ಹೋಗುವ ಪಂಪಿನ ಫಿಲ್ಟರ್‌ವರೆಗೂ ಹೋಗಬಹುದು. ನೀರು ಸರಿಯಾಗಿ ಖಾಲಿಯಾಗುತ್ತಿಲ್ಲ ಅಂದರೆ ಮೊದಲು ಕೆಳಗಿನ ಆ ಫಿಲ್ಟರ್ ಬಿಚ್ಚಿ ನೋಡಬೇಕು. ಮೇಲಿಂದ ಬಟ್ಟೆ ಹಾಕುವ ಮೆಷಿನ್ನಿಗೆ ಜಾಸ್ತಿ ತುಂಬಿದರೆ, ಹಿಂಡುವಾಗ ಸಣ್ಣ ಬಟ್ಟೆ ಅಂಚಿನ ಮೇಲೆ ಹಾರಿ ಪಕ್ಕಕ್ಕೆ ಬೀಳುತ್ತದೆ. ನಮ್ಮ ಕಡೆ ಇನ್ನೂ ಎಷ್ಟೋ ಮನೆಯಲ್ಲಿರುವುದು ಎರಡು ತೊಟ್ಟಿಯ ಮೆಷಿನ್. ಹಿಂಡುವ ತೊಟ್ಟಿಯಲ್ಲಿ ಬಟ್ಟೆಯ ಮೇಲೆ ಒತ್ತಿ ಇಡಲು ಒಂದು ಪ್ಲಾಸ್ಟಿಕ್ ತಟ್ಟೆ ಕೊಟ್ಟಿರುತ್ತಾರೆ. ದಯವಿಟ್ಟು ಅದನ್ನು ಮೂಲೆಗೆ ಎಸೆಯಬೇಡಿ. ಸಾಕ್ಸ್ ಹಾರದಂತೆ ತಡೆಯುವುದು ಅದೇ. ಇನ್ನು ದಿಂಬಿನ ಕವರ್ ಜೊತೆ ಒಗೆದಿದ್ದರೆ ಅದರ ಮೂಲೆಯಲ್ಲೇ ಒಂದು ಕೂತಿರುತ್ತದೆ.

ಒಣಗಿಸುವಾಗ ಇನ್ನೊಂದು ಗಂಡಾಂತರ. ಬಚ್ಚಲ ಒಲೆಯ ಮೇಲಿನ ಗಳಕ್ಕೆ ಹಾಕಿದ್ದು ಜಾರಿ ಹಂಡೆಯ ಹಿಂದೆ ಬಿದ್ದರೆ ಸಿಗುವುದು ಬೂದಿ ಬಾಚುವ ದಿನವೇ. ಅಷ್ಟರಲ್ಲಿ ಮಸಿ ಹಿಡಿದು ಮುಗ್ಗಲು ವಾಸನೆ. ಒಂದು ಪಿನ್ನಿನಲ್ಲಿ ಜೊತೆಯನ್ನು ಸೇರಿಸಿ, ಹಾಗೆಯೇ ಒಗೆದು ಹಾಗೆಯೇ ನೇತುಹಾಕಿದರೆ ಇದರಲ್ಲಿ ಮುಕ್ಕಾಲು ಪಾಲು ತಪ್ಪುತ್ತದೆ. ಆದರೆ ಆ ಪಿನ್ ಹಾಕಬೇಕಾದವರು ಸಾಕ್ಸ್ ಬಿಚ್ಚಿದವರು, ಒಗೆಯುವವರಲ್ಲ. "ಅಮ್ಮಾ, ಇನ್ನೊಂದೆಲ್ಲಿ?" ಅಂತ ಜಗುಲಿಯಿಂದ ಕೂಗುವ ಗಂಡಸರಿಗೂ ಮಕ್ಕಳಿಗೂ ಇದು ಗೊತ್ತಿರಬೇಕು, ಅಲ್ವಾ?

ನನಗೆ ನಿಜವಾಗಿ ಸಿಟ್ಟು ಬರುವುದು ಶಾಲೆಯ ಸಾಕ್ಸ್ ವಿಷಯಕ್ಕೆ. ಸಾದಾ ಬಿಳಿಯದೋ ಕಪ್ಪೋ ಆಗಿದ್ದರೆ ಒಂದು ಕಳೆದರೂ ಉಳಿದವುಗಳಲ್ಲಿ ಜೋಡಿ ಮಾಡಬಹುದು. ನಮ್ಮ ಮಕ್ಕಳ ಶಾಲೆಯದು ಹಾಗಲ್ಲ. ದೊಡ್ಡ ತರಗತಿಗೊಂದು ಪಟ್ಟಿ, ಚಿಕ್ಕ ತರಗತಿಗೊಂದು ಪಟ್ಟಿ, ಅದೂ ಅವರು ಹೇಳಿದ ಅಂಗಡಿಯಲ್ಲೇ ಸಿಗುವುದು. ಶಿವಮೊಗ್ಗದ ಗಾಂಧಿ ಬಜಾರೆಲ್ಲ ಸುತ್ತಿದರೂ ಅದಕ್ಕೆ ಜೋಡಿ ಇಲ್ಲ. ಒಂದು ಕಾಲಿನದು ಹೋದರೆ ಇನ್ನೊಂದೂ ಹೋದಂತೆಯೇ. ಅಕ್ಕನದು ತಮ್ಮನಿಗೆ ಆಗುವುದಿಲ್ಲ. ತೋಟದ ಕೂಲಿಯಲ್ಲಿ ಮಕ್ಕಳನ್ನು ಓದಿಸುವ ಮನೆಗೆ ಇದು ಸುಮ್ನೆ ದಂಡ.

ಸರ್ಕಾರಿ ಶಾಲೆಗಳಲ್ಲಿ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಬಿಳಿ ಸಾಕ್ಸ್ ಕೊಡುತ್ತಾರೆ. ಊರಿನ ಹವೆ ನೋಡಿಕೊಂಡು ಶೂ ಬದಲು ಸ್ಯಾಂಡಲ್ ಕೊಳ್ಳಲು ಎಸ್‌ಡಿಎಂಸಿಗೆ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಅವಕಾಶವೂ ಇದೆ. ಮಲೆನಾಡಿಗೆ ಬೇಕಾದದ್ದು ಇದೇ. ಖಾಸಗಿ ಶಾಲೆಯವರಿಗೆ ಇದು ಯಾಕೆ ಆಗುವುದಿಲ್ಲ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಯಾಂಡಲ್ ಇರಲಿ. ಶೂ ಬೇಕೇ ಬೇಕು ಅಂದರೆ ಎಲ್ಲ ತರಗತಿಗೂ ಒಂದೇ ಬಣ್ಣದ, ಯಾವ ಅಂಗಡಿಯಲ್ಲೂ ಸಿಗುವ ಸಾದಾ ಸಾಕ್ಸ್ ಸಾಕು.

ಮುಂದಿನ ಪೋಷಕರ ಸಭೆಯಲ್ಲಿ ಇದನ್ನೇ ಕೇಳುತ್ತೇನೆ. ಹೊಸನಗರ, ಸಾಗರ, ಕೊಪ್ಪದ ಕಡೆ ಯಾವುದಾದರೂ ಶಾಲೆ ಈಗಾಗಲೇ ಹೀಗೆ ಮಾಡಿದ್ದರೆ ತಿಳಿಸಿ. ಸಭೆಯಲ್ಲಿ ಹೇಳಲು ಒಂದು ಉದಾಹರಣೆಯಾದರೂ ಬೇಕು.