ರೇಸ್‌ಕೋರ್ಸಿನಲ್ಲಿ ಪಡ್ಡು

ಅಮ್ಮ ಲಾಸ್ ಏಂಜಲೀಸಿಗೆ ಬಂದು ತಿಂಗಳಾಗಿತ್ತು. ಬೆಳಗ್ಗೆ ಪಾರ್ಕು, ಮಧ್ಯಾಹ್ನ ಸೀರಿಯಲ್ಲು, ಸಂಜೆಯಾದರೆ ಒಂದೇ ಪ್ರಶ್ನೆ. "ಈ ಊರಾಗೆ ಮನುಷ್ಯರೇ ಇಲ್ವೇನೋ?" ನನಗೂ ಹಠ ಬಂತು. ಒಂದು ಶನಿವಾರ ಹತ್ತಿರದ ಅರ್ಕೇಡಿಯಾದಲ್ಲಿ ನಡೆಯುವ 626 ನೈಟ್ ಮಾರ್ಕೆಟ್‌ಗೆ ಕರೆದುಕೊಂಡು ಹೊರಟೆ.

"626 ಅಂದ್ರೆ ಬಸ್ ನಂಬರಾ?"

ಅಲ್ಲ, ಆ ಕಡೆಯ ಫೋನ್ ಕೋಡ್. ನಮ್ಮ ದಾವಣಗೆರೆಯಲ್ಲಿ ಯಾರಾದರೂ '08192 ಸಂತೆ' ಅಂತ ಹೆಸರಿಟ್ಟ ಹಾಗೆ. ತೈವಾನ್ ಕಡೆಯ ರಾತ್ರಿ ಸಂತೆಗಳನ್ನು ನೋಡಿ ಮಾಡಿದ್ದು. 2012ರಲ್ಲಿ ಪಕ್ಕದ ಪ್ಯಾಸಡೀನಾದ ಬೀದಿಯಲ್ಲಿ ಶುರುವಾದಾಗ ಜನ ನುಗ್ಗಿದ ಪರಿಗೆ ರಸ್ತೆಯೇ ಕಟ್ಟಿಹೋಯಿತಂತೆ. ಆಮೇಲೆ ಅದು ಸಾಂಟಾ ಅನಿಟಾ ರೇಸ್‌ಕೋರ್ಸಿಗೆ ಬಂತು. ಕುದುರೆ ಜೂಜಿನ ಮೈದಾನ ಅಂತ ಅಮ್ಮನಿಗೆ ಹೇಳಲಿಲ್ಲ. ಜಾತ್ರೆ ಬಯಲು ಅಂದೆ.

ಐದು ಗಂಟೆಗೇ ತಲುಪಿದೆವು. ಇಲ್ಲಿ ಬೇಸಿಗೆಯಲ್ಲಿ ಎಂಟಾದರೂ ಕತ್ತಲಾಗುವುದಿಲ್ಲ ಅನ್ನುವುದನ್ನು ಇಷ್ಟು ವರ್ಷ ಇದ್ದೂ ಮರೆತಿದ್ದೆ. "ರಾತ್ರಿ ಸಂತೆ ಅಂದಿ, ಬಿಸಿಲು ಸುಡ್ತೈತಲ್ಲೋ" ಅಂತ ಅಮ್ಮ ಸೆರಗನ್ನು ತಲೆಗೆ ಹೊದ್ದುಕೊಂಡಳು. ಪುಣ್ಯಕ್ಕೆ ವಿಯೆಟ್ನಾಮಿನವರ ಕಬ್ಬಿನ ಹಾಲಿನ ಗಾಣ ಸಿಕ್ಕಿತು. ನಿಂಬೆಯ ಬದಲು ಪುಟ್ಟ ಕಿತ್ತಳೆಯಂಥದ್ದೇನೋ ಹಾಕಿ ಹಿಂಡುತ್ತಾರೆ. ಅಮ್ಮ ಒಂದೇ ಗುಟುಕಿಗೆ ಸಮಾಧಾನವಾದಳು. ಬೆಲೆ ಕೇಳಿದಳು. ನಾನು ಕೇಳಿಸದವನ ಹಾಗೆ ಮುಂದೆ ನಡೆದೆ.

ಹಿಂದಿನಿಂದ ಅಮ್ಮ ಕೂಗಿದಳು. "ಲೇ, ಪಡ್ಡು!"

ನಿಜಕ್ಕೂ ಪಡ್ಡಿನ ಕಾವಲಿ! ಅದೇ ಸಾಲು ಸಾಲು ಕುಳಿ, ಅದೇ ಹಿಟ್ಟು, ಅದೇ ಈರುಳ್ಳಿ ಸೊಪ್ಪು. ಒಬ್ಬ ಹುಡುಗ ಕಡ್ಡಿ ಹಿಡಿದು ಟಕಟಕ ತಿರುವಿ ಹಾಕುತ್ತಿದ್ದ. ಅಮ್ಮ ಗಾಜಿಗೆ ಮೂಗು ತಾಗಿಸಿ ನಿಂತಳು. "ಆ ಮೂಲೇದು ಸೀದೋಗ್ತೈತಿ, ತಿರುವಪ್ಪಾ." ಹುಡುಗನಿಗೆ ಕನ್ನಡ ಬಂದಿತೋ, ಅಮ್ಮನ ಬೆರಳು ಅರ್ಥವಾಯಿತೋ, ಮೂಲೆಯದನ್ನು ತಿರುವಿದ. ಅಮ್ಮ ನನ್ನ ಕಡೆ ನೋಡಿದಳು. ಹೇಳಿದ್ದನ್ನು ಕೇಳುವ ಮಕ್ಕಳು ಹೀಗಿರುತ್ತಾರೆ ಅನ್ನುವ ನೋಟ ಅದು.

ಬೋರ್ಡಿನ ಮೇಲೆ 'ಟಾಕೊಯಾಕಿ' ಅಂತಿತ್ತು. ಈ ಊರಲ್ಲಿ ಹನ್ನೆರಡು ವರ್ಷ ಟಾಕೊ ತಿಂದವನು ನಾನು. ಟಾಕೊ ಅಂದರೆ ಮೆಕ್ಸಿಕನ್ನರ ರೊಟ್ಟಿ. ಇದೇನೋ ಜಪಾನಿನವರ ಟಾಕೊ ಇರಬೇಕು, ಒಳಗೆ ಹುರುಳಿ ಪಲ್ಯ ತುಂಬಿರುತ್ತಾರೆ ಅಂತ ನನಗೆ ನಾನೇ ತೀರ್ಮಾನ ಮಾಡಿಕೊಂಡೆ. ಯಾರನ್ನೂ ಕೇಳಲಿಲ್ಲ. ಗೊತ್ತಿರುವವರು ಕೇಳ್ತಾರಾ?

ತಟ್ಟೆ ಬಂತು. ಮೇಲೆ ಕಂದು ಸಾಸು, ಅದರ ಮೇಲೆ ಈರುಳ್ಳಿ ಸಿಪ್ಪೆಯಂಥ ತೆಳ್ಳನೆಯ ಚೂರುಗಳು. ಅಮ್ಮ ಕಡ್ಡಿ ಚುಚ್ಚಿ ಬಾಯಿ ಹತ್ತಿರ ತಂದವಳು ಹಾಗೇ ನಿಂತಳು.

"ಇದು ಅಲ್ಲಾಡ್ತೈತಿ ಕಣೋ."

ಹೌದು. ಚೂರುಗಳೆಲ್ಲ ಮೆಲ್ಲಗೆ ಬಳುಕುತ್ತಿದ್ದವು. ಗಾಳಿ ಇರಲಿಲ್ಲ. ಪಕ್ಕದ ಬೆಂಚಿನ ಹುಡುಗಿ ನಕ್ಕು ಬಿಡಿಸಿ ಹೇಳಿದಳು. ಅದು ಒಣಗಿಸಿ ಕಾಗದದ ಹಾಗೆ ಹೆರೆದ ಮೀನು, ಬಿಸಿಗೆ ಹಾಗೆ ಕುಣಿಯುತ್ತದೆ. ಟಾಕೊ ಅಂದರೆ ಜಪಾನಿ ಭಾಷೆಯಲ್ಲಿ ಆಕ್ಟೋಪಸ್ಸು. ಒಳಗಿರುವುದು ಅದೇ.

"ಏನಂತೆ?" ಅಂದಳು ಅಮ್ಮ.

"ಸ್ವಲ್ಪ ಖಾರ ಜಾಸ್ತಿಯಂತೆ" ಅಂದೆ.

ಅಮ್ಮ ದಡ್ಡಿಯಲ್ಲ. ಕಡ್ಡಿ ಇಳಿಸಿದಳು, ತಟ್ಟೆಯನ್ನು ಆ ಹುಡುಗಿಗೇ ಕೊಟ್ಟಳು. "ತಿನ್ನಮ್ಮ, ಬಿಸಿ ಆರೋದ್ರೊಳಗೆ." ಆ ರಾತ್ರಿ ನಮಗೆ ಊಟ ಅಂದರೆ ಕಡ್ಡಿಗೆ ಸುರುಳಿಯಾಗಿ ಚುಚ್ಚಿ ಕರಿದ ಆಲೂಗಡ್ಡೆ, ಮತ್ತೆರಡು ಲೋಟ ಕಬ್ಬಿನ ಹಾಲು.

ಕಾರಿನಲ್ಲಿ ಅಮ್ಮ ತುಂಬ ಹೊತ್ತು ಮಾತಾಡಲಿಲ್ಲ. ಬೈಗುಳ ತಯಾರಾಗುತ್ತಿದೆ ಅಂದುಕೊಂಡೆ. ಕೊನೆಗೆ ಕೇಳಿದಳು. "ಆ ಕಾವಲಿ ಎಲ್ಲಿ ಸಿಗ್ತೈತಿ?"

ವಾರದಲ್ಲಿ ಮನೆಗೆ ಬಂತು, ಕರೆಂಟಿನದು. ಅಮ್ಮ ಅದರಲ್ಲೇ ಪಡ್ಡು ಮಾಡುತ್ತಾಳೆ, ದಾವಣಗೆರೆಯಲ್ಲಿ ಮಾಡಿದಷ್ಟೇ ಗರಿಗರಿ. ಡಬ್ಬಿಯ ಮೇಲೆ ಮಾತ್ರ ನಗುವ ಆಕ್ಟೋಪಸ್ಸಿನ ಚಿತ್ರವಿತ್ತು. ಅದು ಇವತ್ತಿಗೂ ಗ್ಯಾರೇಜಿನಲ್ಲಿದೆ, ಗೋಡೆಗೆ ಮುಖ ಮಾಡಿಕೊಂಡು.