ನಗಿಸಿ, ಎಬ್ಬಿಸಬೇಡಿ

ಟೀವಿಯ ರಾಜಕೀಯ ವಿಡಂಬನೆ ಚೆನ್ನಾಗಿ ಬಂತೋ ಇಲ್ಲವೋ ಎಂದು ತಿಳಿಯಲು ಗುರುವಾರದ ಟಿಆರ್‌ಪಿ ಪಟ್ಟಿಗೆ ಕಾಯಬೇಕಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ವೀಕ್ಷಕ ಸೋಫಾದಿಂದ ಯಾತಕ್ಕೆ ಎದ್ದ ಎಂದು ನೋಡಿದರೆ ಸಾಕು. ನೀರು ಕುಡಿಯಲೋ ಹಾಲಿಗೆ ಹೆಪ್ಪು ಹಾಕಲೋ ಎದ್ದಿದ್ದರೆ ಕೆಲಸ ಸರಿಯಾಗಿದೆ. ಪೆನ್ನು ಹುಡುಕಲು ಎದ್ದಿದ್ದರೆ ಎಡಿಟಿಂಗ್‌ನಲ್ಲಿ ಎಲ್ಲೋ ಎಡವಟ್ಟಾಗಿದೆ.

ಇಂಥ ಕಾರ್ಯಕ್ರಮ ನೋಡಿದ ಜನ ಎಚ್ಚೆತ್ತುಕೊಳ್ಳುತ್ತಾರೋ ಮಂಕಾಗುತ್ತಾರೋ ಎಂದು ವಿಶ್ವವಿದ್ಯಾಲಯಗಳಲ್ಲಿ ಸೆಮಿನಾರುಗಳು ನಡೆಯುತ್ತವೆ. ಚಾನೆಲ್ಲಿನ ಡೆಸ್ಕಿನಲ್ಲಿ ಕೂತವರಿಗೆ ಈ ಅನುಮಾನವೇ ಇಲ್ಲ. ಎರಡನ್ನೂ ಮಾಡಬಹುದು, ಪಾಕ ಬೇರೆ ಬೇರೆ ಅಷ್ಟೆ. ಮಂಕು ಹಿಡಿಸುವ ಪಾಕ ಅಗ್ಗ, ಬೇಗ ಆಗುತ್ತದೆ, ಯಾರಿಗೂ ಬೇಜಾರಿಲ್ಲ. ಆದ್ದರಿಂದ ಅದರ ಕ್ರಮವನ್ನೇ ಇಲ್ಲಿ ಹೇಳಲಾಗಿದೆ.

ಅರ್ಧ ಗಂಟೆಯ ಸ್ಲಾಟ್ ಎಂದರೆ ಅರ್ಧ ಗಂಟೆ ತುಂಬಿಸಬೇಕೆಂದು ಹೆದರಬೇಡಿ. ಗಂಟೆಗೆ 12 ನಿಮಿಷದವರೆಗೆ ಜಾಹೀರಾತು ಹಾಕಬಹುದೆಂದು ಕೇಬಲ್ ನಿಯಮವೇ ಹೇಳುತ್ತದೆ. ಅಷ್ಟಕ್ಕೇ ನಿಂತರೂ 6 ನಿಮಿಷ ಹೋಯಿತು. ಟೈಟಲ್ ಕಾರ್ಡು, ‘ಬ್ರೇಕ್ ನಂತರ ನೋಡಿ’, ಬ್ರೇಕ್ ಆದ ಮೇಲೆ ‘ಬ್ರೇಕಿಗೆ ಮುಂಚೆ ನೋಡಿದಿರಿ’ ಇವಕ್ಕೆ ಇನ್ನೊಂದು 4 ನಿಮಿಷ. ಉಳಿದ 20 ನಿಮಿಷಕ್ಕೆ ಬೇಕಾಗುವ ರಾಜಕೀಯ ಒಟ್ಟು ಒಂದೂವರೆ ನಿಮಿಷ. ತಲಾ ಆರೇಳು ಸೆಕೆಂಡಿನ 14 ಬಿಟ್‌ಗಳು, ಅಂದರೆ ವಿಡಿಯೊ ತುಣುಕುಗಳು, ಸಿಕ್ಕರೆ ಸಾಕು. ಒಂದೊಂದನ್ನೂ ಮೊದಲು ಮಾಮೂಲು ವೇಗದಲ್ಲಿ, ಆಮೇಲೆ ನಿಧಾನವಾಗಿ, ಆಮೇಲೆ ಮೂಗಿನ ತನಕ ಜೂಮ್ ಮಾಡಿ, ಕೊನೆಗೆ ಹಿಂದುಮುಂದಾಗಿ ತೋರಿಸಿ. ನಡುವೆ ಹಳೆ ಸಿನಿಮಾದ ಹಾಸ್ಯನಟರೊಬ್ಬರು ಹಣೆ ಚಚ್ಚಿಕೊಳ್ಳುವ ದೃಶ್ಯ, ‘ಟೊಂಯ್’ ಎಂಬ ಸದ್ದು. ಆಂಕರ್ ಕೋಟು ಸ್ವಲ್ಪ ದೊಡ್ಡದಿದ್ದಷ್ಟೂ ಒಳ್ಳೆಯದು.

ಬಿಟ್ 7 ಸೆಕೆಂಡು ಮೀರಬಾರದು. ಇದು ಸೌಂದರ್ಯದ ಪ್ರಶ್ನೆಯೇನಲ್ಲ, ಸುರಕ್ಷತೆಯದು. ಸಚಿವರ ನಾಲಗೆ ತೊದಲುವುದು 3ನೇ ಸೆಕೆಂಡಿನಲ್ಲಿ. ಹಾಗೇ ಬಿಟ್ಟರೆ 15ನೇ ಸೆಕೆಂಡಿಗೆ ಅವರು ಏನು ಹೇಳಹೊರಟಿದ್ದರು ಎಂದು ತಿಳಿದುಬಿಡುತ್ತದೆ. 40ನೇ ಸೆಕೆಂಡಿಗೆ ಇಲಾಖೆಯ ಹೆಸರು ಬರುತ್ತದೆ, ಮೊತ್ತ ಬರುತ್ತದೆ. ಅಲ್ಲಿಗೆ ನಗು ನಿಂತು, ‘ಎಷ್ಟು ಕೋಟಿ ಅಂದ್ರು?’ ಎಂದು ವೀಕ್ಷಕ ಪಕ್ಕದವರನ್ನು ಕೇಳುತ್ತಾನೆ. ಪ್ರಶ್ನೆ ಹುಟ್ಟಿದ ಮನುಷ್ಯ ಉತ್ತರ ಹುಡುಕಿಕೊಂಡು ಬೇರೆ ಚಾನೆಲ್ಲಿಗೋ, ಇನ್ನೂ ಕೆಟ್ಟದೆಂದರೆ ದಿನಪತ್ರಿಕೆಗೋ ಹೋಗಿಬಿಡಬಹುದು.

2025ರ ಬಜೆಟ್ ಅಧಿವೇಶನವನ್ನು ಹೊಸಬರಿಗೆ ಪಾಠವಾಗಿ ಇಡಬೇಕು. ಊಟಕ್ಕೆ ಹೋದ ಶಾಸಕರು ಸದನಕ್ಕೆ ಮರಳುವುದಿಲ್ಲ, ಅರ್ಧ ಗಳಿಗೆ ಒರಗಿಕೊಳ್ಳಲು ಅನುಕೂಲವಿದ್ದರೆ ಮರಳಿಯಾರು ಎಂದು ಸ್ಪೀಕರ್ ಯು.ಟಿ. ಖಾದರ್ ಮೊಗಸಾಲೆಗೆ ರಿಕ್ಲೈನರ್ ಕುರ್ಚಿಗಳನ್ನು ತರಿಸಲು ಮುಂದಾದರು. ಬಾಡಿಗೆಗೆ. ಇಂಥದ್ದು ಡೆಸ್ಕಿಗೆ ಹತ್ತು ವರ್ಷಕ್ಕೊಮ್ಮೆ ಸಿಗುತ್ತದೆ. ಕುರ್ಚಿ, ನಿದ್ದೆ, ಶಾಸಕ: ಸ್ಕ್ರಿಪ್ಟೇ ಬೇಡ, ಒಂದು ಗೊರಕೆಯ ಆಡಿಯೊ ಇದ್ದರಾಯಿತು. ಅದೇ ಅಧಿವೇಶನದ ಕೊನೆಯ ದಿನ, ಮಾರ್ಚ್ 21ರಂದು, ಗದ್ದಲದ ನಡುವೆ ಚರ್ಚೆಯೇ ಇಲ್ಲದೆ ವೇತನ ಮಸೂದೆಗಳು ಪಾಸಾದವು. ಶಾಸಕರ ತಿಂಗಳ ಸಂಬಳ 40 ಸಾವಿರದಿಂದ 80 ಸಾವಿರಕ್ಕೆ, ಮುಖ್ಯಮಂತ್ರಿಯದು 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ ಏರಿತು. ಅಂದೇ ಬಿಜೆಪಿಯ 18 ಶಾಸಕರನ್ನು ಆರು ತಿಂಗಳು ಅಮಾನತು ಮಾಡಲಾಯಿತು. ಮೇ ತಿಂಗಳಲ್ಲಿ ಅಮಾನತು ವಾಪಸಾಯಿತು. ಸಂಬಳ ವಾಪಸಾಗಲಿಲ್ಲ.

ಈ ಎರಡರಲ್ಲಿ ಕಾರ್ಯಕ್ರಮಕ್ಕೆ ತೆಗೆದುಕೊಳ್ಳಬೇಕಾದ್ದು ಯಾವುದು? ಕುರ್ಚಿ. ಕುರ್ಚಿಗೆ ನಕ್ಕವನು ಮುಂದೆ ಮಾಡಬಹುದಾದ್ದು ಏನೂ ಇಲ್ಲ, ಹೆಚ್ಚೆಂದರೆ ಫ್ಯಾಮಿಲಿ ಗ್ರೂಪಿಗೆ ಫಾರ್ವರ್ಡ್ ಮಾಡುತ್ತಾನೆ. ಮಸೂದೆಗೆ ನಕ್ಕವನು ಅಪಾಯ. ನಮ್ಮ ಶಾಸಕ ಆ ಹೊತ್ತಿನಲ್ಲಿ ಎಲ್ಲಿದ್ದ, ಒಳಗಿದ್ದು ಹೂಂ ಅಂದನೋ, ಹೊರಗಿದ್ದು ಸುಮ್ಮನಾದನೋ ಎಂದು ಕೇಳಬಹುದು. ಶಾಸಕನಿಗೆ ಒಂದು ಹೆಸರಿರುತ್ತದೆ, ಕಚೇರಿ ಇರುತ್ತದೆ, ಕ್ಷೇತ್ರದಲ್ಲಿ ಮದುವೆ ಇದ್ದ ದಿನ ಕೈಗೂ ಸಿಗುತ್ತಾನೆ.

ಪ್ರತಿ ಸೆಗ್ಮೆಂಟಿನ ಕೊನೆಗೆ ಆಂಕರ್ ‘ಎಲ್ರೂ ಅಷ್ಟೇ ಬಿಡಿ’ ಎನ್ನಬೇಕು. ಮೂರು ಪಕ್ಷಕ್ಕೂ ಸಮನಾಗಿ ಬಡಿಸಿದರೆ ಅದಕ್ಕೆ ನಿಷ್ಪಕ್ಷಪಾತ ಎಂಬ ಹೆಸರೂ ಬರುತ್ತದೆ. ಇದರ ಕೆಲಸ ಸೂಕ್ಷ್ಮ: ಎಲ್ಲರೂ ಒಂದೇ ಎಂದಾದ ಮೇಲೆ ಯಾರು ಏನು ಮಾಡಿದರು ಎಂದು ನೆನಪಿಟ್ಟುಕೊಳ್ಳುವ ಶ್ರಮ ವೀಕ್ಷಕನಿಗೆ ತಪ್ಪುತ್ತದೆ.

ಬೆಂಗಳೂರಿನ ಮೇಲೆ ಸ್ಕಿಟ್ ಮಾಡುವುದಾದರೆ ಕಾರ್ಪೊರೇಟರ್ ಪಾತ್ರ ಇರಲೇಬೇಕು. ಬಿಳಿ ಅಂಗಿ, ಕೊರಳಿಗೆ ದಪ್ಪ ಚೈನು, ಕೈಗೆ ಕಡಗ, ಹಿಂದೆ ಇಬ್ಬರು ಹುಡುಗರು, ಮುಂದೆ ನಾಲ್ಕು ಬಕೆಟ್ ನೀರು ಸುರಿದು ಮಾಡಿದ ರಸ್ತೆ ಗುಂಡಿ. ಈ ಪಾತ್ರದ ವಿಶೇಷವೆಂದರೆ ಬಿಬಿಎಂಪಿಯ 198 ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರ್ 10ಕ್ಕೇ ಮುಗಿದಿತ್ತು. ಆಡಳಿತಾಧಿಕಾರಿ ಬಂದರು. ವಾರ್ಡುಗಳು 243 ಆದವು, ಆಮೇಲೆ 225 ಆದವು, ಪ್ರಕರಣ ಕೋರ್ಟಿಗೆ ಹೋಗಿ ಬಂದು ಮಾಡಿತು. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಐದಾಯಿತು. ಅಷ್ಟರಲ್ಲಿ ಐದು ವರ್ಷ, ಅಂದರೆ ಒಂದಿಡೀ ಅವಧಿ, ಚುನಾವಣೆಯೇ ಇಲ್ಲದೆ ಕಳೆದುಹೋಗಿತ್ತು.

ಪಾತ್ರಕ್ಕೆ ಇದರಿಂದ ಬಾಧಕವಿಲ್ಲ, ಅನುಕೂಲವೇ. ಹುದ್ದೆಯಲ್ಲಿ ಇಲ್ಲದ ಮನುಷ್ಯನನ್ನು ಎಷ್ಟು ಬೈದರೂ ವಕೀಲರ ನೋಟಿಸ್ ಬರುವುದಿಲ್ಲ. ಒಂದೇ ಎಚ್ಚರಿಕೆ: ‘ಗುಂಡಿ ಮುಚ್ಚಿಸಿ ಅಂತ ಕೇಳೋಕೆ ಕಾರ್ಪೊರೇಟರೇ ಇಲ್ವಲ್ಲ, ಎಲೆಕ್ಷನ್ ಯಾಕ್ ಮಾಡಿಲ್ಲ?’ ಎಂಬ ಡೈಲಾಗು ಯಾರ ಬಾಯಲ್ಲೂ ಬರಕೂಡದು. ಗುಂಡಿಯ ಜೋಕಿಗೆ ಸರ್ಕಾರವೂ ಸೇರಿ ನಗುತ್ತದೆ. ಈ ಡೈಲಾಗಿಗೆ ನಗಲಾಗದು, ದಿನಾಂಕ ಹೇಳಬೇಕಾಗುತ್ತದೆ.

ಅಳತೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಸುಲ್ತಾನ್‌ಪಾಳ್ಯ ನೋಡಿ. 2015ರ ಜೂನ್‌ನಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಅಲ್ಲಿನ ರಸ್ತೆ ಗುಂಡಿಯಲ್ಲಿ ಜೀವಗಾತ್ರದ ಮೊಸಳೆಯೊಂದನ್ನು ತಂದಿಟ್ಟರು. ಖರ್ಚು ಸುಮಾರು 6 ಸಾವಿರ ರೂಪಾಯಿ, ಅಂದರೆ ಒಂದು ಎಪಿಸೋಡಿನ ಮೇಕಪ್ ಮತ್ತು ತಿಂಡಿಯ ಬಾಬ್ತು. ಪಾಲಿಕೆಯವರು ದೌಡಾಯಿಸಿ ಗುಂಡಿ ಮುಚ್ಚಿದರು. 2019ರ ಸೆಪ್ಟೆಂಬರಿನಲ್ಲಿ, ದೇಶವೆಲ್ಲ ಚಂದ್ರಯಾನ-2 ಇಳಿಯುವುದನ್ನು ಕಾಯುತ್ತಿದ್ದಾಗ, ಅವರೇ ಹೇರೋಹಳ್ಳಿ ಕಡೆಯ ಗುಂಡಿಬಿದ್ದ ರಸ್ತೆಯಲ್ಲಿ ಗಗನಯಾತ್ರಿ ವೇಷದ ನಟರೊಬ್ಬರನ್ನು ತೇಲುತ್ತಾ ನಡೆಸಿದರು. ಪಕ್ಕದಲ್ಲಿ ಆಟೋ ಹಾದುಹೋಗುವವರೆಗೂ ಅದು ಚಂದ್ರನೇ. ಬೆನ್ನಿಗೇ ದುರಸ್ತಿ ಶುರುವಾಯಿತು.

ಅಲ್ಲಿದ್ದ ಲೋಪ ಇಷ್ಟೇ: ಮೊಸಳೆಗೆ ವಿಳಾಸವಿತ್ತು. ಇಂಥ ರಸ್ತೆ ಎಂದರೆ ಇಂಥ ವಾರ್ಡು, ಇಂಥ ವಾರ್ಡು ಎಂದರೆ ಇಂಥ ಎಂಜಿನಿಯರು. ನಗುತ್ತಿದ್ದ ಊರೆಲ್ಲ ಒಬ್ಬ ಮನುಷ್ಯನ ಮೇಜಿನ ಕಡೆ ತಿರುಗಿತು. ಇಂಥದ್ದನ್ನು ಕಾರ್ಯಕ್ರಮಕ್ಕೆ ತರುವಾಗ ಮೊಸಳೆಯನ್ನು ಇಟ್ಟುಕೊಂಡು ರಸ್ತೆಯ ಹೆಸರನ್ನು ಎಡಿಟ್‌ನಲ್ಲಿ ತೆಗೆಯಬೇಕು. ‘ಸಿಲಿಕಾನ್ ಸಿಟಿಯ ದುಃಸ್ಥಿತಿ’ ಎಂದು ಹಾಕಿದರೆ ಗುಂಡಿ ಎಲ್ಲರದ್ದೂ ಆಗುತ್ತದೆ, ಯಾರದ್ದೂ ಆಗುವುದಿಲ್ಲ.

ಅಮೆರಿಕದಲ್ಲೂ ಒಬ್ಬರು ಈ ತಪ್ಪು ಮಾಡಿದ್ದಾರೆ. 2014ರ ಜೂನ್ 1ರಂದು ಎಚ್‌ಬಿಒ ಚಾನೆಲ್‌ನಲ್ಲಿ ಹಾಸ್ಯಗಾರ ಜಾನ್ ಆಲಿವರ್ ಅಂತರ್ಜಾಲ ಸಮಾನತೆಯ ಮೇಲೆ, ಅಂದರೆ ಇಂಟರ್ನೆಟ್ ಕಂಪನಿಗಳು ಜಾಲತಾಣಗಳ ನಡುವೆ ಭೇದ ಮಾಡಬಾರದು ಎಂಬುದರ ಮೇಲೆ, 13 ನಿಮಿಷ ಮಾತಾಡಿದರು. ಅಷ್ಟು ಒಣ ವಿಷಯಕ್ಕೆ ಜನ ನಕ್ಕಿದ್ದೇ ದೊಡ್ಡದು, ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸದೆ, ದೂರಸಂಪರ್ಕ ಆಯೋಗಕ್ಕೆ ಅಭಿಪ್ರಾಯ ಬರೆಯುವ ಜಾಲತಾಣದ ವಿಳಾಸವನ್ನು ತೆರೆಯ ಮೇಲೆ ಹಾಕಿ, ಹೋಗಿ ಬರೆಯಿರಿ ಎಂದುಬಿಟ್ಟರು. ಕೆಲವೇ ದಿನದಲ್ಲಿ ಸಾವಿರ ಸಾವಿರ ಪತ್ರ ಹೋಗಿ ಆಯೋಗದ ವ್ಯವಸ್ಥೆಯೇ ಕೈಕೊಟ್ಟಿತು. ಮುಂದಿನ ಫೆಬ್ರವರಿಯಲ್ಲಿ ಜನ ಕೇಳಿದ ನಿಯಮ ಬಂತು. 2017ರಲ್ಲಿ ಅದೇ ಆಯೋಗ ಅದನ್ನು ರದ್ದು ಮಾಡಿತು, ಆ ಮಾತು ಬೇರೆ. ನಗೆಗೆ ಬಂದ ಗುಂಪಿಗಿಂತ ಕಂಪನಿಗಳ ವಕೀಲರಿಗೆ ತಾಳ್ಮೆ ಜಾಸ್ತಿ.

ನಮ್ಮ ಪಾಕದ ಪರವಾಗಿ ಸರ್ಟಿಫಿಕೇಟು ಬಂದದ್ದೂ ಅಲ್ಲಿಂದಲೇ. ಬಾಮ್‌ಗಾರ್ಟ್ನರ್ ಮತ್ತು ಮಾರಿಸ್ ಎಂಬ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜಾನ್ ಸ್ಟೀವರ್ಟ್ ಅವರ ವಿಡಂಬನೆ ಕಾರ್ಯಕ್ರಮ ‘ಡೈಲಿ ಶೋ’ ನೋಡಿದ ಕಾಲೇಜು ಹುಡುಗರನ್ನು ಪರೀಕ್ಷಿಸಿದರು. ಅಭ್ಯರ್ಥಿಗಳ ಮೇಲೆ, ಚುನಾವಣಾ ವ್ಯವಸ್ಥೆಯ ಮೇಲೆ, ಸುದ್ದಿ ಮಾಧ್ಯಮದ ಮೇಲೆ ಅವರಿಗಿದ್ದ ನಂಬಿಕೆ ತಗ್ಗಿತ್ತು. ಅದೇ ಹೊತ್ತಿಗೆ, ರಾಜಕೀಯ ತನಗೆ ಚೆನ್ನಾಗಿ ಅರ್ಥವಾಗುತ್ತದೆ ಎಂಬ ಧೈರ್ಯ ಏರಿತ್ತು. ಏನನ್ನೂ ನಂಬದ ಸರ್ವಜ್ಞ! ನಮ್ಮಲ್ಲಿ ಅವನನ್ನು ಹುಡುಕಲು ಪ್ರಯೋಗಾಲಯ ಬೇಕಿಲ್ಲ, ಯಾವ ಟೀ ಅಂಗಡಿಯ ಮುಂದೆ ನಿಂತರೂ ಸಿಗುತ್ತಾನೆ. ಇದಕ್ಕೆ ವಿರುದ್ಧವಾಗಿ, ಹಾಸ್ಯ ನೋಡುವವರು ಸಭೆ ಸಮಾರಂಭಕ್ಕೂ ಹೆಚ್ಚು ಹೋಗುತ್ತಾರೆ ಎಂದ ಅಧ್ಯಯನಗಳೂ ಇವೆ. ಹಾಸ್ಯ ನೋಡಿ ಸಭೆಗೆ ಹೋದರೋ, ಸಭೆಗೆ ಹೋಗುವ ಜಾಯಮಾನದವರೇ ಇಂಥ ಹಾಸ್ಯ ನೋಡುತ್ತಾರೋ ಎಂದು ಬಿಡಿಸಿ ಹೇಳುವುದು ಕಷ್ಟ.

ಕೆಲವೊಮ್ಮೆ ಎಲ್ಲ ಅಳತೆ ಸರಿಯಿದ್ದೂ ಪಾಕ ಕೈತಪ್ಪುತ್ತದೆ. 2019ರ ಲೋಕಸಭಾ ಚುನಾವಣೆಯ ‘ನಿಖಿಲ್ ಎಲ್ಲಿದ್ದೀಯಪ್ಪಾ’ ಯಾರಿಗೆ ಗೊತ್ತಿಲ್ಲ? ಮಂಡ್ಯದ ಅಭ್ಯರ್ಥಿ ನಿಖಿಲ್‌ರನ್ನು ಅಪ್ಪ ಕುಮಾರಸ್ವಾಮಿ ಕೂಗಿ ಕರೆದ ಹಳೆಯ ಸಿನಿಮಾ ಸಮಾರಂಭವೊಂದರ ತುಣುಕು, ಕೆಲವೇ ಸೆಕೆಂಡು, ಜಾಲತಾಣದಲ್ಲಿ ಹುಟ್ಟಿ ಚಾನೆಲ್‌ಗಳಲ್ಲಿ ಮೈತುಂಬಿಕೊಂಡಿತು. ನಿಯಮದ ಪ್ರಕಾರ ಇದಕ್ಕೆ ಜನ ನಕ್ಕು ಮಲಗಬೇಕಿತ್ತು. ಏಪ್ರಿಲ್ 18ರಂದು ಮಂಡ್ಯದಲ್ಲಿ ಶೇ. 80ರಷ್ಟು ಮತದಾನವಾಯಿತು, ಸುಮಲತಾ ಅಂಬರೀಶ್ 1,25,876 ಮತಗಳಿಂದ ಗೆದ್ದರು. ಅದೇ ತುಣುಕಿಗೆ ಅಷ್ಟೇ ನಕ್ಕ ಬೆಂಗಳೂರು ದಕ್ಷಿಣದಲ್ಲಿ ಅದೇ ದಿನ ಶೇ. 54 ಮುಟ್ಟಲಿಲ್ಲ. ಮಂಡ್ಯದವರು ಮೊದಲಿನಿಂದಲೂ ಮತ ಹಾಕುವ ಜನ, ಪೂರ್ತಿ ಕೀರ್ತಿಯನ್ನು ಜೋಕಿಗೆ ಕೊಡುವಂತಿಲ್ಲ. ಆದರೂ ಅವರ ಪಾಲಿಗೆ ಆ ಜೋಕು ಮತಯಂತ್ರದಲ್ಲಿ ಗುಂಡಿಯ ಪಕ್ಕ ಇದ್ದ ಹೆಸರು. ಜಯನಗರದವರಿಗೆ ರಿಂಗ್‌ಟೋನು.

ಕಾನೂನಿನ ವಿಷಯಕ್ಕೆ ಹೆಚ್ಚು ಹೊತ್ತು ಬೇಡ. 1994ರ ಕೇಬಲ್ ಟೀವಿ ನಿಯಮಗಳ 6ನೇ ನಿಯಮದಲ್ಲಿ ತೋರಿಸಬಾರದ್ದರ ಉದ್ದ ಪಟ್ಟಿಯಿದೆ. ವ್ಯಕ್ತಿಯೊಬ್ಬರನ್ನು ಟೀಕಿಸುವುದೂ ಅದರಲ್ಲಿ ಸೇರಿದೆ. ಅಕ್ಷರಶಃ ಪಾಲಿಸಿದರೆ ಹವಾಮಾನ ವರದಿಯೊಂದೇ ಉಳಿಯುತ್ತದೆ, ಅದರಲ್ಲೂ ಮಳೆಯನ್ನು ಹೆಸರಿಟ್ಟು ದೂರುವಂತಿಲ್ಲ. ಆದ್ದರಿಂದ ಸೋತವರು, ಪಕ್ಷ ಬಿಟ್ಟವರು, ಟಿಕೆಟ್ ಸಿಗದವರನ್ನು ಹಿಡಿಯಿರಿ. ಜಾಹೀರಾತು ಕೊಡುವ ಇಲಾಖೆಯ ಸಚಿವರ ಬಗ್ಗೆ ಜೋಕು ಮಾಡಲೇಬೇಕೆಂದರೆ ಅವರ ಇಂಗ್ಲಿಷಿನ ಮೇಲೆ ಮಾಡಿ, ಅವರಿಗೂ ಖುಷಿ.

ಪರದೆಯ ಕೆಳಗೆ ಒಂದು ಪಟ್ಟಿ ಹರಿಯುತ್ತದಲ್ಲ, ಅಲ್ಲಿ ಜನಕ್ಕೆ ಉಪಯೋಗವಾಗುವುದನ್ನು ಹಾಕಬಾರದೇಕೆ ಎಂದು ಇಂಟರ್ನ್‌ಗಳು ಕೇಳುವುದುಂಟು. ಮತದಾರರ ಪಟ್ಟಿಗೆ ಹೆಸರು ಸೇರಿಸಲು ನಮೂನೆ 6, ಮನೆ ಬದಲಾಯಿಸಿದ್ದರೆ ನಮೂನೆ 8, ಸಹಾಯವಾಣಿ 1950. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಬರೆಯಬೇಕು. ಉತ್ತರ 30 ದಿನದಲ್ಲಿ. ಓದಿ ಹೇಳಲು ಅರ್ಧ ನಿಮಿಷವೂ ಬೇಡ. ಆದರೆ ಆ ಪಟ್ಟಿಯಲ್ಲಿ ಹೊಸಕೋಟೆ ಬಳಿಯ ಸೈಟುಗಳಿವೆ, ಬಲಗಡೆ ಮಂಡಿನೋವಿನ ಎಣ್ಣೆಯಿದೆ, ಮೇಲೆ ಚಾನೆಲ್ಲಿನ ಲೋಗೊ ತಿರುಗುತ್ತಿದೆ. ಜಾಗವಿಲ್ಲ.

ಇಷ್ಟಾದರೂ ಯಾರಾದರೂ ಚಾನೆಲ್ಲಿಗೆ ಫೋನ್ ಮಾಡಿ, ‘ಸಾರ್, ನಿನ್ನೆ ತೋರಿಸಿದ್ರಲ್ಲ, ಅದಕ್ಕೆ ನಾನು ಯಾವ ಆಫೀಸಿಗೆ ಹೋಗ್ಬೇಕು, ಯಾವತ್ತು ಹೋಗ್ಬೇಕು?’ ಎಂದು ಕೇಳಿದರೆ ಗಾಬರಿ ಬೇಡ. ಬೆಳಗಿನ ಜ್ಯೋತಿಷ್ಯ ಕಾರ್ಯಕ್ರಮದ ಲೈನಿಗೆ ಕೊಡಿ. ಯಾವ ದಿನ, ಎಷ್ಟು ಗಂಟೆಗೆ, ಯಾವ ದಿಕ್ಕಿಗೆ ಮುಖ ಮಾಡಿ, ಎಷ್ಟು ಪ್ರದಕ್ಷಿಣೆ ಎಂದು ಹೇಳುವ ಅಭ್ಯಾಸ ನಮ್ಮ ಚಾನೆಲ್‌ಗಳಲ್ಲಿ ಇರುವುದು ಜ್ಯೋತಿಷ್ಯದ ಗುರುಗಳೊಬ್ಬರಿಗೇ. ‘9 ಶನಿವಾರ ಎಳ್ಳೆಣ್ಣೆ ದೀಪ ಹಚ್ಚಿಮ್ಮಾ’ ಎಂದು ಅವರು ಹೇಳಿದರೆ ಜನ 9 ಶನಿವಾರವೂ ಹೋಗುತ್ತಾರೆ, ಮಳೆ ಬಂದರೂ ಹೋಗುತ್ತಾರೆ, ಸಾಲಿನಲ್ಲಿ ನಿಲ್ಲುತ್ತಾರೆ. ಪಾಲಿಕೆಯ ವಾರ್ಡ್ ಸಮಿತಿ ಸಭೆಗೂ ತಿಂಗಳ ಮೊದಲ ಶನಿವಾರವೇ ಗೊತ್ತಾಗಿತ್ತು. ಅದನ್ನು ಗುರುಗಳಿಗೆ ಯಾರೂ ಹೇಳಿಲ್ಲ.